ನೂರು ಪ್ರಶ್ನೆಗಳಲ್ಲಿ ಇಲ್ಲದ ಹೆಸರು

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಪೌರನೀತಿ ಅಂದ್ರೆ ಸಮಾಜ ಪುಸ್ತಕದ ಕೊನೆಯ ಕೆಲವು ಪಾಠ. ಮೇಷ್ಟ್ರು ಇತಿಹಾಸ ಮುಗಿಸುವಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತಿತ್ತು, 'ಅದನ್ನ ನೀವೇ ಓದ್ಕೊಳ್ರೋ' ಅಂತ ಬಿಡೋರು. ನಾನೂ ಬಾಯಿಪಾಠ ಮಾಡಿ ಪಾಸಾದೆ. ಬಿ.ಇ. ಸೇರಿದ ಮೇಲೆ ಆ ಕಡೆ ತಲೆ ಹಾಕಲಿಲ್ಲ. ಅಂಥವನು ಅಮೆರಿಕಕ್ಕೆ ಬಂದು, ಇಲ್ಲಿನ ಪೌರನೀತಿಯನ್ನು ಇನ್ನೊಬ್ಬರಿಗೆ ಹೇಳಿಕೊಡಬೇಕಾಯಿತು.

ಹೇಳಿಸಿಕೊಂಡವರು ಗೆಳೆಯನ ತಾಯಿ. ಹಾಸನದ ಕಡೆಯವರು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಮಗ ಇಲ್ಲಿನ ಪ್ರಜೆಯಾದ್ದರಿಂದ ಗ್ರೀನ್ ಕಾರ್ಡ್ ಬೇಗ ಸಿಕ್ಕಿತ್ತು, ಐದು ವರ್ಷ ತುಂಬಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿದ್ದರು. (ನಾನಿನ್ನೂ ಗ್ರೀನ್ ಕಾರ್ಡಿನ ಸಾಲಿನಲ್ಲೇ ಇದ್ದೇನೆ. ನಮ್ಮ ಮನೆಯಲ್ಲಿರುವ ಒಬ್ಬಳೇ ಅಮೆರಿಕನ್ ಪ್ರಜೆ ಇಲ್ಲೇ ಹುಟ್ಟಿದ ಮಗಳು. ಅವಳಿಗೆ ನಾಲ್ಕು ವರ್ಷ, ಅಧ್ಯಕ್ಷರ ಹೆಸರೂ ಗೊತ್ತಿಲ್ಲ.) ಮಗನಿಗೆ ಪುರುಸೊತ್ತಿಲ್ಲ ಅಂತ ಶನಿವಾರ ಶನಿವಾರ ನಾನು ಹೋಗಿ ಕೂರುತ್ತಿದ್ದೆ.

ಆಗಿನ ಪರೀಕ್ಷೆಗೆ ಸರ್ಕಾರವೇ 100 ಪ್ರಶ್ನೆ, ಉತ್ತರ ಎರಡನ್ನೂ ಮೊದಲೇ ಕೊಡುತ್ತಿತ್ತು. ಅಧಿಕಾರಿ 10ರವರೆಗೆ ಕೇಳಬಹುದು, 6 ಸರಿಯಾದರೆ ಪಾಸು. ಸಂವಿಧಾನಕ್ಕೆ ಎಷ್ಟು ತಿದ್ದುಪಡಿ? 27. 'ಅಷ್ಟೇನಾ? ನಮ್ದು ನೂರು ದಾಟಿದೆ' ಅಂದರು ಟೀಚರ್. ಸಂವಿಧಾನದ ಮೊದಲ ಮೂರು ಪದ? 'ವಿ ದ ಪೀಪಲ್.' ನಮ್ಮ ಪ್ರಸ್ತಾವನೆ ಶುರುವಾಗುವುದೂ ಜನರಿಂದಲೇ. ಯುರೋಪಿನವರು ಬರುವ ಮೊದಲು ಇಲ್ಲಿ ಯಾರಿದ್ದರು? ಅಮೆರಿಕನ್ ಇಂಡಿಯನ್ನರು. 'ಬರೀ ಇಂಡಿಯನ್ಸ್ ಅಂದ್ರೆ ಮಾರ್ಕ್ಸ್ ಕೊಡ್ತಾರೇನೋ?' ಅಂತ ನಕ್ಕರು.

20ನೇ ಶತಮಾನದಲ್ಲಿ ಅಮೆರಿಕ ಹೋರಾಡಿದ ಒಂದು ಯುದ್ಧ ಹೆಸರಿಸಿ ಅನ್ನೋ ಪ್ರಶ್ನೆ ಬಂದಾಗ ನಾನು ಪಟ್ಟಿಯಾಚೆಯ ಒಂದು ಕಥೆ ತೆಗೆದೆ. ಭಗತ್ ಸಿಂಗ್ ಥಿಂಡ್. ನಮಗೆಲ್ಲ ಗೊತ್ತಿರುವ ಭಗತ್ ಸಿಂಗ್ ಅಲ್ಲ, ಬೇರೆ. ಪಂಜಾಬಿನವನು, 1913ರಲ್ಲಿ ಇಲ್ಲಿಗೆ ಬಂದ, ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಗೆ ಸೇರಿದ. 1918ರ ಡಿಸೆಂಬರಿನಲ್ಲಿ ಪೌರತ್ವ ಸಿಕ್ಕಿತು, ನಾಲ್ಕೇ ದಿನಕ್ಕೆ ಕಿತ್ತುಕೊಂಡರು. 1920ರಲ್ಲಿ ಆರೆಗಾನ್‌ನಲ್ಲಿ ಮತ್ತೆ ಸಿಕ್ಕಿತು. ಸರ್ಕಾರ ಬಿಡಲಿಲ್ಲ, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು.

ತಕರಾರು ಇಷ್ಟೇ. 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ಪ್ರಜೆಯಾಗಬಹುದಾದವನು ಸ್ವತಂತ್ರ ಬಿಳಿಯ ಮಾತ್ರ. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಇದ್ದದ್ದು ಈ ಎರಡೇ ಬಾಗಿಲು. ಥಿಂಡ್ ಮೊದಲನೆಯದನ್ನು ತಟ್ಟಿದ. ಆಗಿನ ವಿದ್ವಾಂಸರ ಲೆಕ್ಕದಲ್ಲಿ ಉತ್ತರ ಭಾರತದವರು ಕಕೇಶಿಯನ್ನರು, ನಾನು ಮೇಲ್ಜಾತಿಯವನು, ಆರ್ಯ, ಹಾಗಾಗಿ ನಾನೂ ಬಿಳಿಯನೇ ಅಂತ ವಾದ. ಅಲ್ಲಿಗೂ ನಿಲ್ಲಲಿಲ್ಲ. ಮದುವೆ ಸಂಬಂಧದ ವಿಷಯದಲ್ಲಿ ಬಿಳಿಯರು ಕರಿಯರನ್ನು ಹೇಗೆ ನೋಡುತ್ತಾರೋ, ಮೇಲ್ಜಾತಿಯವರು ಭಾರತದ ಮೂಲನಿವಾಸಿಗಳನ್ನು ಹಾಗೇ ನೋಡುತ್ತಾರೆ ಅಂತಲೂ ಅವನ ಪರವಾಗಿ ವಾದಿಸಿದರು. ಅದನ್ನು ಅರ್ಹತೆ ಅಂತ ಮುಂದಿಟ್ಟರು!

1923ರ ಫೆಬ್ರವರಿಯಲ್ಲಿ ತೀರ್ಪು ಬಂತು, ಒಮ್ಮತದ ತೀರ್ಪು. ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್, ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಬಂದವರು. ಮೂರು ತಿಂಗಳ ಹಿಂದಷ್ಟೇ ಜಪಾನಿನ ಒಜಾವಾ ಅನ್ನುವವರಿಗೆ, ನೀನು ಕಕೇಶಿಯನ್ ಅಲ್ಲ, ಆದ್ದರಿಂದ ಬಿಳಿಯನಲ್ಲ ಅಂದಿದ್ದರು. ಈಗ ಥಿಂಡ್‌ಗೆ, ವಿದ್ವಾಂಸರು ಏನಾದರೂ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ ಅಂದರು.

ಈ 'ಸಾಮಾನ್ಯ ಮನುಷ್ಯನ ತಿಳಿವಳಿಕೆ' ನನಗೆ ಚೆನ್ನಾಗಿ ಗೊತ್ತು. ನಮ್ಮೂರಲ್ಲಿ ಎರಡು ಬಾವಿ ಇದ್ದವು. ಯಾವುದು ಯಾರಿಗೆ ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ, ಹಾಕಬೇಕಾದ ಅಗತ್ಯವೂ ಇರಲಿಲ್ಲ.

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಾಪ ಅನ್ನೋಣ ಅಂದ್ರೆ ಆ ವಾದ ಅಡ್ಡ ಬರುತ್ತೆ. ಪಾಪ ಅನ್ನದೆ ಇರೋಕೂ ಆಗಲ್ಲ' ಅಂದರು. ನನ್ನದೂ ಅದೇ ಕಷ್ಟ.

ತೀರ್ಪಿನ ಹಿಂದೆಯೇ, ಅಷ್ಟರಲ್ಲಾಗಲೇ ಪ್ರಜೆಗಳಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನೂ ರದ್ದು ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವೈಷ್ಣೋ ದಾಸ್ ಬಗಾಯ್ 1921ರಲ್ಲಿ ಪ್ರಜೆಯಾಗಿದ್ದವರು. ಪೌರತ್ವ ಹೋಯಿತು, ಅಂಗಡಿಯೂ ಹೋಯಿತು. ಊರಿಗೆ ಹೋಗಿಬರೋಣ ಅಂದ್ರೆ ಅಮೆರಿಕದ ಪಾಸ್‌ಪೋರ್ಟ್ ಇಲ್ಲ, ಬ್ರಿಟಿಷ್ ಪಾಸ್‌ಪೋರ್ಟ್ ತಗೋ ಅಂದರಂತೆ. ಬ್ರಿಟಿಷರ ವಿರುದ್ಧದ ಗದರ್ ಚಳವಳಿಯ ಮನುಷ್ಯನಿಗೆ! 1928ರಲ್ಲಿ ಪತ್ರಿಕೆಗೊಂದು ಕಾಗದ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು.

ಬಾಗಿಲು ತೆರೆದದ್ದು 1946ರ ಜುಲೈಯಲ್ಲಿ, ಟ್ರೂಮನ್ ಸಹಿಯೊಂದಿಗೆ. ಭಾರತೀಯರು ಪ್ರಜೆಗಳಾಗಬಹುದು, ಆದರೆ ಹೊಸದಾಗಿ ಬರುವವರು ವರ್ಷಕ್ಕೆ 100 ಜನ. ಹತ್ತೇ ವರ್ಷಕ್ಕೆ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಸಂಸತ್ತಿಗೆ ಆರಿಸಿಬಂದರು. 1965ರ ಕಾನೂನು ಆ ಹಳೆಯ ಕೋಟಾಗಳನ್ನು ತೆಗೆಯಿತು, ನಮ್ಮಂಥವರು ಬಂದದ್ದೆಲ್ಲ ಅದರ ನಂತರ. ಥಿಂಡ್‌ಗಂತೂ ಅದಕ್ಕೂ ಮುಂಚೆ, 1935ರಲ್ಲಿ ಮಾಜಿ ಸೈನಿಕರಿಗಾಗಿ ಬಂದ ಕಾಯ್ದೆಯಿಂದ ಮೂರನೇ ಸಲ ಪೌರತ್ವ ಸಿಕ್ಕಿತು. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ.

ಇಂಟರ್‌ವ್ಯೂ ದಿನ ಟೀಚರ್ ಹೊರಗೆ ಬಂದಾಗ ಮುಖ ಸಪ್ಪಗಿತ್ತು. ಫೇಲಾದರೇನೋ ಅಂದ್ಕೊಂಡೆ. ಮೊದಲ ಆರೂ ಸರಿಯಾದವು ಅಂತ ಅಧಿಕಾರಿ ಅಲ್ಲಿಗೇ ನಿಲ್ಲಿಸಿಬಿಟ್ಟರಂತೆ. 'ಮಿಕ್ಕ ತೊಂಬತ್ನಾಲ್ಕು ಕೇಳಲೇ ಇಲ್ಲವಲ್ಲೋ!'

ಪ್ರಮಾಣವಚನವೂ ಆಯಿತು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ನಮ್ಮ ಪಾಸ್‌ಪೋರ್ಟ್ ಒಪ್ಪಿಸುವ ಫಾರ್ಮ್ ತುಂಬಿಸಲು ನನ್ನನ್ನೇ ಕರೆದರು. ಓಸಿಐ ಕಾರ್ಡ್ ಬರುತ್ತೆ, ಯಾವಾಗ ಬೇಕಾದ್ರೂ ಊರಿಗೆ ಹೋಗಿಬರಬಹುದು ಅಂತ ಸಮಾಧಾನ ಹೇಳಿದೆ.

'ವೋಟು?' ಅಂದರು.

'ಅದಿಲ್ಲ ಟೀಚರ್.'

'ಎಷ್ಟು ಎಲೆಕ್ಷನ್ ಡ್ಯೂಟಿ ಮಾಡಿದೀನಿ ಗೊತ್ತೇನೋ. ಬೂತಿನ ನೆಲದ ಮೇಲೆ ಮಲಗಿ, ಬೆಳಗಿನ ಜಾವಕ್ಕೇ ಎದ್ದು ಪೆಟ್ಟಿಗೆ ಸಿದ್ಧ ಮಾಡ್ತಿದ್ವಿ' ಅಂದರು. ಆಮೇಲೆ ಪೆನ್ನು ತಗೊಂಡು ಸಹಿ ಹಾಕಿದರು, ಕನ್ನಡದಲ್ಲಿ.