ಹಳೆಯ ಸೈನಿಕ ಕೋವಿಗೆ ಮುದ್ರೆಯೇ ಜಾತಕ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಕೃಷಿಕರಿಗೆ ಕೋವಿ ಅಪರಿಚಿತವಲ್ಲ. ಬೆಳೆ ರಕ್ಷಣೆಗಾಗಿ ಪರವಾನಿಗೆ ಪಡೆದ ಕೋವಿಗಳನ್ನು ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದು ಇಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಆದರೆ ಸೇನೆಗಾಗಿ ತಯಾರಾದ ಹಳೆಯ ಕೋವಿಯ ವಿಚಾರ ಬೇರೆ. ಅದರ ಚರಿತ್ರೆಯನ್ನು ಹೇಳುವುದು ಲೋಹದ ಮೇಲೆ ಒತ್ತಿದ ಮುದ್ರೆ; ಅದು ಅಳಿಸಿದರೆ ಕೋವಿ ಮೂಕವಾಗುತ್ತದೆ.

ನಗರದ ನಂಟು

1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡಾಗ ಕೆಳದಿ ಅರಸರ ಅಧೀನದಲ್ಲಿದ್ದ ಈ ಕರಾವಳಿಯೂ ಮೈಸೂರಿನ ಪಾಲಾಯಿತು. ಘಟ್ಟದ ಮೇಲಿನ ಆ ಬಿದನೂರೇ ಇಂದಿನ ಹೊಸನಗರ ತಾಲೂಕಿನ ನಗರ. 2018ರಲ್ಲಿ ಅಲ್ಲಿನ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಪತ್ತೆಯಾದವು. ಟಿಪ್ಪುವಿನ ಕೋವಿಗಳ ಮೇಲೆ ಹುಲಿಪಟ್ಟೆಯ ಅಲಂಕಾರ ಹಾಗೂ ಮೌಲೂದಿ ಶಕದ ವರ್ಷ ಕಂಡುಬರುತ್ತವೆ. 1799ರಲ್ಲಿ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು.

ಮುದ್ರೆ ಓದುವ ಬಗೆ

ಮೊದಲು ನಳಿಗೆಯ ಒಳಭಾಗವನ್ನು ಗಮನಿಸಬೇಕು. ಒಳಗೆ ನಯವಾಗಿದ್ದರೆ ಮಸ್ಕೆಟ್. ಸುರುಳಿ ಗೀರುಗಳಿದ್ದರೆ ರೈಫಲ್. ಕಂಪೆನಿಯ ಹಳೆಯ ಕೋವಿಗಳಲ್ಲಿ ಹೃದಯಾಕಾರದ ಚಿಹ್ನೆಯಿದ್ದರೆ, 19ನೇ ಶತಮಾನದ ಆರಂಭದ ಬಳಿಕ ನಿಂತ ಸಿಂಹದ ಚಿತ್ರವಿದೆ. ಬಾಣದ ಮೊನೆಯ ಗುರುತು ಬ್ರಿಟಿಷ್ ಸರಕಾರದ ಸ್ವತ್ತೆಂಬುದರ ಸಂಕೇತ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಅದು ಸೇನೆಯಿಂದ ಹೊರಗೆ ಮಾರಾಟವಾದ ಕೋವಿ.

1853ರ ಮಾದರಿಯ ಎನ್‌ಫೀಲ್ಡ್, ಮೂತಿಯಿಂದ ಮದ್ದು ತುಂಬುವ ರೈಫಲ್. 1857ರ ದಂಗೆಗೆ ಕಿಡಿ ಹೊತ್ತಿಸಿದ ಕೊಬ್ಬು ಸವರಿದ ತೋಟಾಗಳು ಇದಕ್ಕಾಗಿಯೇ ಬಂದವು. ಅನಂತರದ .303 ಲೀ-ಎನ್‌ಫೀಲ್ಡ್ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ತಯಾರಾಯಿತು. ಬ್ರಿಟಿಷರ ಕಾಲದ ಇಂತಹ ಕೋವಿಯಲ್ಲಿ ಕಿರೀಟ ಹಾಗೂ 'ಜಿಆರ್‌ಐ' ಅಕ್ಷರಗಳಿದ್ದರೆ, ಸ್ವಾತಂತ್ರ್ಯಾನಂತರದವುಗಳಲ್ಲಿ 'ಆರ್‌ಎಫ್‌ಐ' ಎಂದಿರುತ್ತದೆ. ಹಿಡಿಯ ಸಮೀಪದ ಉಕ್ಕಿನ ಭಾಗದಲ್ಲಿ ಮಾದರಿ ಹಾಗೂ ತಯಾರಿಕೆಯ ವರ್ಷವನ್ನು ಕಾಣಬಹುದು. ನಳಿಗೆ, ಬೋಲ್ಟ್‌ಗಳ ಸಂಖ್ಯೆ ಒಂದೇ ಆಗಿದ್ದರೆ ಅವು ಮೂಲ ಜೋಡಿಯೆಂದು ತಿಳಿಯಬಹುದು.

ಕಾನೂನಿನ ಗೆರೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಪುರಾತನ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಹಳೆಯದಾದರಷ್ಟೇ ಸಾಲದು. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿರಬೇಕು. 2019ರ ತಿದ್ದುಪಡಿಯ ಬಳಿಕ, ವಂಶಪಾರಂಪರ್ಯವಾಗಿ ಬಂದವೂ ಸೇರಿ, ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೋವಿ ಹೊಂದುವಂತಿಲ್ಲ. ಸೇನೆಯ .303 ತೋಟಾ ಹಾರಿಸಬಲ್ಲ ರೈಫಲ್ ನಿರ್ಬಂಧಿತ ವರ್ಗಕ್ಕೆ ಸೇರಿದ್ದು, ಬೆಳೆ ರಕ್ಷಣೆಯ ಪರವಾನಿಗೆ ಅದಕ್ಕೆ ಅನ್ವಯಿಸದು. ನೂರು ವರ್ಷ ಮೀರಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ನಿಷೇಧಿಸಿದೆ.

ಪರವಾನಿಗೆದಾರರು ತೀರಿಕೊಂಡ ಮನೆಗಳಲ್ಲಿ ಈ ಗೆರೆ ಬಹಳ ಮುಖ್ಯವಾಗುತ್ತದೆ. ಇರಿಸಿಕೊಳ್ಳಲು ಹಕ್ಕಿಲ್ಲದ ಕೋವಿಯನ್ನು ವಿಳಂಬವಿಲ್ಲದೆ ಠಾಣೆಗೆ ಅಥವಾ ಪರವಾನಿಗೆ ಹೊಂದಿದ ವ್ಯಾಪಾರಿಗೆ ಒಪ್ಪಿಸಬೇಕು. ನಿಗದಿತ ಅವಧಿಯಲ್ಲಿ ಯಾರೂ ಮರಳಿ ಪಡೆಯದಿದ್ದರೆ ಅದು ಸರಕಾರದ ಮುಟ್ಟುಗೋಲಿಗೆ ಒಳಗಾಗುತ್ತದೆ. ಆದ್ದರಿಂದ ತುಕ್ಕು ತೆಗೆಯಲೆಂದು ಮರಳು ಕಾಗದದಿಂದ ಉಜ್ಜದೆ, ಒಪ್ಪಿಸುವಾಗಲೇ ಮುದ್ರೆ, ಸಂಖ್ಯೆಗಳ ಛಾಯಾಚಿತ್ರ ತೆಗೆದು ಹಳೆಯ ಪರವಾನಿಗೆ ಪತ್ರದೊಂದಿಗೆ ಕಾಯ್ದಿರಿಸುವುದು ಒಳಿತು. 1956ರವರೆಗೆ ಈ ಪ್ರದೇಶ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಹೆಚ್ಚಿನ ಶೋಧಕ್ಕೆ ಚೆನ್ನೈಯ ತಮಿಳುನಾಡು ಪತ್ರಾಗಾರವನ್ನೂ ಅರಸಬೇಕಾದೀತು. ಕೋವಿ ಕೈಬಿಟ್ಟರೂ ಅದರ ಚರಿತ್ರೆ ಮನೆಯಲ್ಲಿ ಉಳಿಯಲು ಇದೇ ದಾರಿ.