ಬಾಣಂತಿಯ ರಕ್ತಸ್ರಾವ: ಕಣ್ಣಂದಾಜಿನಿಂದ ಅಳತೆಯವರೆಗೆ

ಚಿಂಚೋಳಿಯಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ ಸುಮಾರು 80 ಕಿಲೋಮೀಟರ್ ದಾರಿ. ಸೇಡಂನಿಂದ ಐವತ್ತರ ಮೇಲೆ, ಚಿತ್ತಾಪುರ ಮತ್ತು ವಾಡಿಯಿಂದ ನಲವತ್ತರ ಆಸುಪಾಸು, ಶಹಾಬಾದ್‌ನಿಂದ ಅದಕ್ಕೂ ಕಡಿಮೆ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯತೊಡಗಿದರೆ ಈ ದೂರವೇ ಬಾಣಂತಿಯ ಆಯುಸ್ಸನ್ನು ನಿರ್ಧರಿಸುತ್ತದೆ. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿದು ಬರುತ್ತದೆ. ಕಸ ಬಿದ್ದ ಮೇಲೆ ಅಲ್ಲಿ ಬಾಯಿ ತೆರೆದುಕೊಂಡ ರಕ್ತನಾಳಗಳನ್ನು ಗರ್ಭಕೋಶದ ಸ್ನಾಯುಗಳೇ ಹಿಂಡಿ ಮುಚ್ಚಬೇಕು. ಅವು ಸೋತರೆ ಎರಡು ತಾಸಿನೊಳಗೆ ಜೀವ ಹೋಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 45,000 ತಾಯಂದಿರು ಹೀಗೆ ಸಾಯುತ್ತಾರೆ. ಇದನ್ನು ತಡೆಯುವ ಮದ್ದುಗಳು ಹೊರದೇಶಗಳಲ್ಲಿ ಹುಟ್ಟಿದವು. ಆ ಮದ್ದು ಫ್ರಿಜ್ ಇಲ್ಲದ, ವೈದ್ಯರಿಲ್ಲದ ಹಳ್ಳಿಯಲ್ಲಿ ಕೆಲಸ ಮಾಡುತ್ತದೆಯೇ, ಎಷ್ಟು ರಕ್ತ ಹೋಗಿದೆ ಎಂದು ಅಲ್ಲಿ ತಿಳಿಯುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದರಲ್ಲಿ ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಪಾಲು ದೊಡ್ಡದು. ಕಲ್ಯಾಣ ಕರ್ನಾಟಕದ ಓದುಗರು ಆ ಕಥೆಯನ್ನು ತಿಳಿದಿರಬೇಕು, ಏಕೆಂದರೆ ಅದರ ಮುಂದಿನ ಅಧ್ಯಾಯ ಇಲ್ಲಿಯೇ ಬರೆಯಬೇಕಾದದ್ದು.

ಕಥೆ ಶುರುವಾಗುವುದು 1906ರಲ್ಲಿ. ಎತ್ತಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಬಿಗಿಯುವಂತೆ ಮಾಡುತ್ತದೆ ಎಂದು ಇಂಗ್ಲೆಂಡಿನ ಹೆನ್ರಿ ಡೇಲ್ ಕಂಡುಕೊಂಡರು. 1935ರಲ್ಲಿ ಲಂಡನ್ನಿನ ಹೆರಿಗೆ ತಜ್ಞ ಚಾಸರ್ ಮೊಯಿರ್ ಮತ್ತು ರಸಾಯನಶಾಸ್ತ್ರಜ್ಞ ಹೆರಾಲ್ಡ್ ಡಡ್ಲಿ, ರೈ ಧಾನ್ಯದ ತೆನೆಗೆ ಹತ್ತುವ ಬೂಸಿನಿಂದ ಗರ್ಭಕೋಶವನ್ನು ಬಿಗಿಸುವ ಎರ್ಗೊಮೆಟ್ರಿನ್ ಬೇರ್ಪಡಿಸಿದರು. ಡೇಲ್ ಕಂಡ ಸಾರದೊಳಗಿನ ವಸ್ತುವಿಗೆ ರೂಪ ಸಿಕ್ಕಿದ್ದು 1953ರಲ್ಲಿ. ನ್ಯೂಯಾರ್ಕ್‌ನ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ವಿನ್ಸೆಂಟ್ ಡು ವಿನ್ಯೊ ಒಂಬತ್ತು ಅಮೈನೊ ಆಮ್ಲಗಳ ಆ ಸರಪಳಿಯನ್ನು ಪ್ರಯೋಗಾಲಯದಲ್ಲೇ ಹೆಣೆದರು. ಅದೇ ಆಕ್ಸಿಟೋಸಿನ್. ಎರಡು ವರ್ಷಗಳ ತರುವಾಯ ಅವರಿಗೆ ನೊಬೆಲ್ ಬಂತು. ಇಂದಿಗೂ ಹೆರಿಗೆಯಾದ ಕೂಡಲೇ ಸಿಸ್ಟರ್ ತೊಡೆಗೆ ಚುಚ್ಚುವ ಇಂಜೆಕ್ಷನ್ ಅದೇ.

ಜಪಾನಿನಲ್ಲಿ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಇನ್ನೊಂದು ದಾರಿ ಹಿಡಿದರು. ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆದರೆ ಹೇಗೆ ಎಂದು ಹುಡುಕುತ್ತ 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲವನ್ನು ಪ್ರಕಟಿಸಿದರು. ಬಾಣಂತಿಯರ ಮೇಲೆ ಅದರ ದೊಡ್ಡ ಪರೀಕ್ಷೆ ನಡೆಯಲು ಅರ್ಧ ಶತಮಾನವೇ ಬೇಕಾಯಿತು. 21 ದೇಶಗಳ 20,060 ತಾಯಂದಿರು ಪಾಲ್ಗೊಂಡ ಆ ಅಧ್ಯಯನದ ಫಲ 2017ರಲ್ಲಿ ಬಂತು: ಹೆರಿಗೆಯಾದ ಮೂರು ತಾಸಿನೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ನೂರಕ್ಕೆ 1.7ರಿಂದ 1.2ಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಇದ್ದರೂ ಹಳ್ಳಿಗೆ ಇವು ತಲುಪುವುದು ಕಷ್ಟವಿತ್ತು. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕರೆಂಟು ಹೋದರೆ ಉಪಕೇಂದ್ರದ ಡಬ್ಬಿಯಲ್ಲಿರುವ ಮದ್ದಿನ ಕಸುವೂ ಹೋಗುತ್ತದೆ. ಮೇಲಾಗಿ ಇಂಜೆಕ್ಷನ್ ಕೊಡಲು ಕಲಿತ ಕೈ ಬೇಕು. ಕರ್ನಾಟಕದಲ್ಲಿ 2005-06ರ ಹೊತ್ತಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆಗಳು ನೂರಕ್ಕೆ 65 ಮಾತ್ರ. ಉಳಿದವು ಮನೆಯಲ್ಲೇ, ಸೂಲಗಿತ್ತಿಯ ಇಲ್ಲವೇ ಎಎನ್‌ಎಂ (ಸಹಾಯಕ ದಾದಿ) ಅವರ ಕೈಯಲ್ಲಿ ಆಗುತ್ತಿದ್ದವು.

ಇಲ್ಲಿ ಬೆಳಗಾವಿ ಬರುತ್ತದೆ. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಶುರುವಾಗಿದ್ದು 1963ರಲ್ಲಿ. ಅದೇ ವರ್ಷ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜನ್ನು ತೆರೆಯಿತು. ಬೆಳಗಾವಿಯ ಕಾಲೇಜು 2001ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಾಯಿ-ಮಕ್ಕಳ ಸಂಶೋಧನಾ ಜಾಲದಲ್ಲಿ ಸೇರಿಕೊಂಡಿತು. ಬಿ.ಎಸ್. ಕೊಡಕಣಿ, ಶಿವಪ್ರಸಾದ ಗೌಡರ, ಎಂ.ಬಿ. ಬೆಲ್ಲದ ಮುಂತಾದವರು ರಿಚರ್ಡ್ ಡರ್ಮನ್ ನೇತೃತ್ವದ ಅಮೆರಿಕದ ಸಂಶೋಧಕರ ಜೊತೆ ಕೂಡಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಹಳ್ಳಿಯಲ್ಲೇ ಪರೀಕ್ಷಿಸಲು ಹೊರಟರು. ಹೊಟ್ಟೆಹುಣ್ಣಿಗೆಂದು ತಯಾರಾದ ಈ ಗುಳಿಗೆ ಗರ್ಭಕೋಶವನ್ನೂ ಬಿಗಿಸುತ್ತದೆ. ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ, ನೀರಿನ ಜೊತೆ ನುಂಗಿದರೆ ಸಾಕು.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರು ಇದರಲ್ಲಿ ಪಾಲ್ಗೊಂಡರು. 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ನೋಡಲು ಹಾಗೆಯೇ ಇರುವ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು ಎಲ್ಲರೂ 25 ಎಎನ್‌ಎಂಗಳು. ಒಬ್ಬ ವೈದ್ಯರೂ ಆ ಕೋಣೆಯಲ್ಲಿ ಬೇಕಾಗಲಿಲ್ಲ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು, ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ. ಗುಳಿಗೆ ನುಂಗಿದ 18 ತಾಯಂದಿರಿಗೆ ಒಬ್ಬರಂತೆ ರಕ್ತಸ್ರಾವದಿಂದ ಪಾರಾಗಿದ್ದರು. ಚಳಿ, ನಡುಕ, ಜ್ವರ ಕೆಲವರಿಗೆ ಬಂದು ಹೋಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಯಲೆಂದು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿನ ಗಟ್ಟಿ ಸಾಕ್ಷ್ಯಗಳಲ್ಲಿ ಬೆಳಗಾವಿಯ ಹಳ್ಳಿಗಳದೂ ಒಂದು.

ಗುಳಿಗೆಗಿಂತ ದೂರ ಹೋದದ್ದು ಅದೇ ಅಧ್ಯಯನದಲ್ಲಿ ಬಳಸಿದ ಒಂದು ಪ್ಲಾಸ್ಟಿಕ್ ಹಾಳೆ.

ಅಲ್ಲಿಯವರೆಗೆ ರಕ್ತ ಎಷ್ಟು ಹೋಯಿತು ಎಂದು ಹೇಳುತ್ತಿದ್ದುದು ಕಣ್ಣಂದಾಜಿನ ಮೇಲೆ. ರಕ್ತ ಹಳೆ ಸೀರೆಯಲ್ಲಿ ಇಂಗುತ್ತದೆ, ಚಾಪೆಯ ಕೆಳಗೆ ಹರಿಯುತ್ತದೆ, ನೀರಿನ ಜೊತೆ ಬೆರೆಯುತ್ತದೆ. ನೋಡುವವರಿಗೆ ಇರುವುದಕ್ಕಿಂತ ಕಡಿಮೆಯೇ ಕಾಣುತ್ತದೆ. ಈ ಹಾಳೆಯನ್ನು ಮಗು ಹುಟ್ಟಿ, ನೆತ್ತಿ ನೀರು ಹರಿದು ಹೋದ ಮೇಲೆ ತಾಯಿಯ ಸೊಂಟದ ಕೆಳಗೆ ಹಾಸಿ ದಾರದಿಂದ ನಡುವಿಗೆ ಕಟ್ಟುತ್ತಾರೆ. ಮಂಚದ ಅಂಚಿನಿಂದ ಇಳಿಬಿದ್ದ ಅದರ ತುದಿ ಲಾಳಿಕೆಯಂತೆ ಕಿರಿದಾಗುತ್ತ ಚೀಲವಾಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ರಕ್ತ ಯಾವ ಗೆರೆಗೆ ಬಂತು ಎಂದು ಓದಿದರೆ ಮುಗಿಯಿತು. ಬ್ರಾಸ್-ವಿ ಎಂಬ ಹೆಸರಿಗೆ ಅದನ್ನು ರೂಪಿಸಿದ ಏಳು ಸಹೋದ್ಯೋಗಿಗಳ ಹೆಸರಿನ ಮೊದಲ ಅಕ್ಷರಗಳೇ ಆಧಾರ. ಬೆಳಗಾವಿಯ ತಂಡವೂ ಸೇರಿ ನಡೆಸಿದ ಹೋಲಿಕೆ ಅಧ್ಯಯನ 2006ರಲ್ಲಿ ಪ್ರಕಟವಾದಾಗ ತಿಳಿದದ್ದು ಇದು: ಕಣ್ಣಂದಾಜು ಚೀಲದ ಅಳತೆಗಿಂತ ನೂರಕ್ಕೆ 33ರಷ್ಟು ಕಡಿಮೆ ಹೇಳುತ್ತದೆ. ಪ್ರಯೋಗಾಲಯದ ಉಪಕರಣದಲ್ಲಿ ಅಳೆದ ಲೆಕ್ಕಕ್ಕೆ ಚೀಲದ ಲೆಕ್ಕ ಬಹಳ ಹತ್ತಿರ ಬಂದಿತ್ತು.

ಈ ವರ್ಷಗಳಲ್ಲಿ ಈ ಕ್ಷೇತ್ರ ಹಲವು ಕಡೆ ಕವಲೊಡೆಯಿತು. ಢಾಕಾ ವೈದ್ಯಕೀಯ ಕಾಲೇಜಿನ ಸಯೇಬಾ ಅಖ್ತರ್ ದುಬಾರಿ ಬಲೂನಿನ ಬದಲು ಕಾಂಡೋಮನ್ನು ಕ್ಯಾಥೆಟರಿಗೆ ಕಟ್ಟಿ, ಗರ್ಭಕೋಶದೊಳಗಿಟ್ಟು, ಸಲೈನ್ ತುಂಬಿಸಿದರು. 2003ರಲ್ಲಿ ಅವರು ಪ್ರಕಟಿಸಿದ 23 ತಾಯಂದಿರ ವರದಿಯಲ್ಲಿ ಎಲ್ಲರ ರಕ್ತವೂ 15 ನಿಮಿಷದೊಳಗೆ ನಿಂತಿತ್ತು. 2018ರಲ್ಲಿ ಬಿಸಿ ತಡೆಯುವ ಕಾರ್ಬೆಟೋಸಿನ್ ಬಂತು. ಹತ್ತು ದೇಶಗಳ 29,645 ತಾಯಂದಿರ ಆ ಪರೀಕ್ಷೆಯಲ್ಲಿ ಬೆಳಗಾವಿಯ ಕಾಲೇಜೂ ಇತ್ತು. ಅತಿ ರಕ್ತಸ್ರಾವ ಅಥವಾ ಹೆಚ್ಚುವರಿ ಮದ್ದಿನ ಅಗತ್ಯ ಕಾರ್ಬೆಟೋಸಿನ್ ಪಡೆದವರಲ್ಲಿ ನೂರಕ್ಕೆ 14.5, ಆಕ್ಸಿಟೋಸಿನ್ ಪಡೆದವರಲ್ಲಿ 14.4. ಎರಡೂ ಸರಿಸಮ. ಹೊಸದಕ್ಕೆ ಮಾತ್ರ ಫ್ರಿಜ್ ಬೇಕಿಲ್ಲ.

ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ, ಅದನ್ನೂ ಹೇಳಬೇಕು. ಹೆರಿಗೆಯ ವೇಳೆ ಮಾಡಲೇಬೇಕಾದ ಕೆಲಸಗಳ ತಪಾಸಣಾ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಹಾರ್ವರ್ಡ್ ತಜ್ಞರೊಂದಿಗೆ ಸೇರಿ ಸಿದ್ಧಪಡಿಸಿತ್ತು. ಅದರ ಮೊದಲ ಪರೀಕ್ಷೆ ಕರ್ನಾಟಕದ ತಾಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ನಡೆಯಿತು. 29 ಅಗತ್ಯ ಕೆಲಸಗಳಲ್ಲಿ ಸರಾಸರಿ ಹತ್ತು ಮಾತ್ರ ಆಗುತ್ತಿದ್ದ ಕಡೆ 25 ಆಗತೊಡಗಿದವು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಾಗ ಕೆಲಸದ ರೀತಿ ಸುಧಾರಿಸಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ ಎಂದು 2017ರ ವರದಿ ತಿಳಿಸಿತು. ಪಟ್ಟಿಯ ಜೊತೆಗೆ ಔಷಧ, ಕೌಶಲ, ರಕ್ತ, ವಾಹನ ಎಲ್ಲವೂ ಒದಗಬೇಕು.

ಕಲಬುರಗಿ ಜಿಲ್ಲೆ ಈ ಕಥೆಯೊಳಗೆ ನೇರವಾಗಿ ಬರುವುದು ಇಲ್ಲಿಯೇ. ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸೇರಿ ನಡೆಸಿದ ‘ಸುಕ್ಷೇಮ’ ಯೋಜನೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಕೆಲಸ ಮಾಡಿತು. ಅದರ ಅಂಗವಾಗಿ ಬಳ್ಳಾರಿ ಮತ್ತು ಆಗಿನ ಗುಲಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಕೇಂದ್ರಗಳಿಗೆ ಅನುಭವಿ ನರ್ಸ್‌ಗಳು ಮಾರ್ಗದರ್ಶಕರಾಗಿ ಮತ್ತೆ ಮತ್ತೆ ಹೋದರು. ತರಗತಿಯಲ್ಲಿ ಪಾಠ ಹೇಳುವ ಬದಲು ಹೆರಿಗೆ ಕೋಣೆಯಲ್ಲೇ ನಿಂತು, ಅಲ್ಲಿನ ಸ್ಟಾಫ್ ನರ್ಸ್ ಜೊತೆ ಕೇಸ್ ಶೀಟ್ ತುಂಬಿ, ಔಷಧದ ಕಪಾಟು ತೆರೆದು ನೋಡಿ, ತೊಡಕಿನ ಹೆರಿಗೆಯನ್ನು ಹೇಗೆ ಗುರುತಿಸಿ ಕಳಿಸಬೇಕು ಎಂದು ಕಲಿಸಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಮಾರ್ಗದರ್ಶನ ಸಿಕ್ಕ ಕೇಂದ್ರಗಳ ಸಿದ್ಧತೆ ಮತ್ತು ನರ್ಸ್‌ಗಳ ತಿಳಿವಳಿಕೆ ಉಳಿದವಕ್ಕಿಂತ ಚೆನ್ನಾಗಿತ್ತು.

ಈ ನಡುವೆ ನಾಡಿನ ಚಿತ್ರವೂ ಬದಲಾಯಿತು. ಆಶಾ ಕಾರ್ಯಕರ್ತೆಯರು ಬಂದರು, 2008ರ ನವೆಂಬರ್ ಒಂದರಂದು 108 ಆಂಬುಲೆನ್ಸ್ ಬಂತು. 2019-21ರ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ಇದ್ದ ತಾಯಂದಿರ ಸಾವು 2018-20ರಲ್ಲಿ 69ಕ್ಕೆ ಇಳಿಯಿತು. ಆದರೆ ಮನೆಯಿಂದ ಆಸ್ಪತ್ರೆಗೆ ಹೆರಿಗೆ ಬಂದಷ್ಟಕ್ಕೆ ಕಣ್ಣಂದಾಜು ತಪ್ಪಲಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಇ-ಮೋಟಿವ್ ಅಧ್ಯಯನ ಅದನ್ನು ತೋರಿಸಿತು. ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರ ಈ ಅಧ್ಯಯನದಲ್ಲಿ ಎಂದಿನಂತೆ ನೋಡಿಕೊಂಡ ಕಡೆ ರಕ್ತಸ್ರಾವದ ಪ್ರಕರಣಗಳಲ್ಲಿ ಅರ್ಧದಷ್ಟು ಮಾತ್ರ ಗಮನಕ್ಕೆ ಬಂದವು. ಬೆಳಗಾವಿಯಲ್ಲಿ ಬಳಸಿದ ಬಗೆಯದೇ ಅಳತೆ ಚೀಲ ಹಾಕಿದ ಕಡೆ ನೂರಕ್ಕೆ 93 ಗುರುತಾದವು. ಗುರುತಾದ ಕೂಡಲೇ ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಮೂಲ ಹುಡುಕುವ ತಪಾಸಣೆ — ಒಂದಾದ ಮೇಲೆ ಒಂದು ಕಾಯದೆ ಎಲ್ಲವನ್ನೂ ಒಟ್ಟಿಗೆ ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಕ್ರಿಯೆ, ಅದರಿಂದಾಗುವ ಸಾವು ಮೂರನ್ನೂ ಸೇರಿಸಿದ ಲೆಕ್ಕ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು.

2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. 500 ಮಿಲಿಲೀಟರ್ ಆಗುವವರೆಗೆ ಕಾಯಬೇಡಿ. 300 ದಾಟಿ ನಾಡಿ ಅಥವಾ ರಕ್ತದೊತ್ತಡ ಏರುಪೇರಾದರೆ ಚಿಕಿತ್ಸೆ ಶುರುಮಾಡಿ, ಅಳತೆ ಚೀಲ ಬಳಸಿ ಎಂಬುದು ಅದರ ಸಾರ.

ಸೇಡಂ, ಚಿಂಚೋಳಿ ಭಾಗಕ್ಕೆ ಈ 300ರ ಗೆರೆ ಬಹಳ ಮುಖ್ಯ. ಕರ್ನಾಟಕದಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಗರ್ಭಿಣಿಯರಿಗೆ ರಕ್ತಹೀನತೆ ಇದೆ ಎಂದು 2019-21ರ ಸಮೀಕ್ಷೆ ಹೇಳುತ್ತದೆ. ರಕ್ತ ತುಂಬಿದ ದೇಹ ಅರ್ಧ ಲೀಟರ್ ಕಳೆದುಕೊಂಡರೂ ತಡೆದುಕೊಂಡೀತು. ತೊಗರಿ ಹೊಲದಲ್ಲಿ, ಫರ್ಸಿ ಕಲ್ಲಿನ ಖಣಿಯಲ್ಲಿ ತಿಂಗಳು ತುಂಬುವವರೆಗೂ ದುಡಿದ, ಹಿಮೋಗ್ಲೋಬಿನ್ ಏಳೋ ಎಂಟೋ ಇರುವ ಹೆಣ್ಣುಮಗಳು ಅದಕ್ಕಿಂತ ಕಡಿಮೆ ಹೋದರೂ ಕುಸಿಯುತ್ತಾಳೆ. ಹೀಗಾಗಿ ರಕ್ತಸ್ರಾವದ ಸಂಶೋಧನೆ ಈಗ ಗರ್ಭಿಣಿಯ ರಕ್ತಹೀನತೆಯ ಕಡೆಗೆ ತಿರುಗಿದೆ. ಗುಳಿಗೆಯ ಬದಲು ಒಂದೇ ಬಾರಿ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟರೆ ಹೇಗೆ ಎಂಬ ಪರೀಕ್ಷೆಯನ್ನು ಕರ್ನಾಟಕ ಮತ್ತು ರಾಜಸ್ಥಾನದ 4,320 ಗರ್ಭಿಣಿಯರನ್ನು ಗುರಿಯಾಗಿಟ್ಟು ರೂಪಿಸಿದ್ದರಲ್ಲೂ ಬೆಳಗಾವಿಯ ಕಾಲೇಜು ಇದೆ.

ಕಲಬುರಗಿಯಲ್ಲಿ ಇಂದು ರಾಂಪುರೆ ಕಾಲೇಜಿನ ಜೊತೆ ಸರ್ಕಾರಿ ಜಿಮ್ಸ್, ಖಾಜಾ ಬಂದಾನವಾಜ್, ಇಎಸ್ಐ ವೈದ್ಯಕೀಯ ಕಾಲೇಜುಗಳಿವೆ. ವಾಡಿ, ಶಹಾಬಾದ್, ಸೇಡಂನ ಸಿಮೆಂಟ್ ಕಾರ್ಮಿಕರ ಕುಟುಂಬಗಳಿಗೆ ಇಎಸ್ಐ ಆಸ್ಪತ್ರೆ ಸೌಲಭ್ಯವಿದೆ. 371(ಜೆ) ವಿಧಿಯಿಂದಾಗಿ ಈ ಭಾಗದ ಮಕ್ಕಳಿಗೇ ವೈದ್ಯಕೀಯ ಸೀಟುಗಳಲ್ಲಿ ಮೀಸಲಾತಿ ಸಿಗುತ್ತಿದೆ. ಬೆಳಗಾವಿಯಲ್ಲಿ ಆ ಪ್ರಯೋಗ ನಡೆದಾಗ ಬೇಕಾಗಿದ್ದದ್ದು ದೊಡ್ಡ ಯಂತ್ರವಲ್ಲ. ಹಳ್ಳಿಯ ಹೆರಿಗೆಯನ್ನೇ ಅಧ್ಯಯನದ ವಿಷಯವಾಗಿ ಕಂಡ ಅಧ್ಯಾಪಕರು, ಪ್ರತಿ ತಾಯಿಯ ಲೆಕ್ಕ ಬರೆದಿಟ್ಟ ಎಎನ್‌ಎಂಗಳು, ವರ್ಷಗಟ್ಟಲೆ ಬಿಡದ ಮೇಲ್ವಿಚಾರಣೆ ಇಷ್ಟು ಸಾಕಾಯಿತು. ಇಂಥ ಕೆಲಸಕ್ಕೆ ಬೇಕಾದ ಪ್ರಶ್ನೆಗಳು ಇಲ್ಲಿ ಧಾರಾಳವಾಗಿವೆ. ಹಿಮೋಗ್ಲೋಬಿನ್ ಏಳಕ್ಕಿಳಿದ ತಾಯಿಗೆ 300 ಎಂಬ ಗೆರೆಯೂ ತಡವೇ? ಏಪ್ರಿಲ್, ಮೇ ತಿಂಗಳಲ್ಲಿ ಚಿತ್ತಾಪುರದ ಹಳ್ಳಿಯೊಂದರ ಆರೋಗ್ಯ ಕೇಂದ್ರದ ಕಪಾಟಿನಲ್ಲಿರುವ ಆಕ್ಸಿಟೋಸಿನ್‌ಗೆ ಎಷ್ಟು ಕಸುವು ಉಳಿದಿರುತ್ತದೆ? ಚಿಂಚೋಳಿಯ ಗಡಿ ಹಳ್ಳಿಯ ಬಾಣಂತಿಯನ್ನು ಕಲಬುರಗಿಗೆ ಕಳಿಸುವುದು ಲೇಸೋ, ತೆಲಂಗಾಣದ ತಾಂಡೂರಿಗೋ ಜಹೀರಾಬಾದಿಗೋ? ಎಂಬಿಬಿಎಸ್ ಮುಗಿಸಿ ಎಂಡಿ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಯೊಬ್ಬರು ತಮ್ಮ ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ಒಂದು ಅಳತೆ ಚೀಲ ಮತ್ತು ಒಂದು ರಿಜಿಸ್ಟರ್ ಇಟ್ಟುಕೊಂಡು ಇವುಗಳಲ್ಲಿ ಮೊದಲನೆಯದಕ್ಕೆ ನಾಳೆಯೇ ಉತ್ತರ ಹುಡುಕಲು ಶುರುಮಾಡಬಹುದು.