ಗಾಲಿ ಮ್ಯಾಲಿನ ಮನಿ, ಅದರೊಳಗಿನ ದೀಪ

ಅಂಗಡಿಗೆ ಬಲ್ಬ್ ತರ್ಲಿಕ್ಕೆ ಹೋದಾಗ ಹೆಚ್ಚಿನ ಮಂದಿ ಕೇಳೋದು ಒಂದ ಮಾತು, "ಎಷ್ಟು ವ್ಯಾಟಿಂದರಿ?" ಅಂತ. ವ್ಯಾಟ್ ಹೆಚ್ಚಾದ್ರ ಬೆಳಕೂ ಹೆಚ್ಚು ಅನ್ನೋದು ತಲ್ಯಾಗ ಕೂತುಬಿಟ್ಟದ. ಖರೇ ಅಂದ್ರ ವ್ಯಾಟ್ ಅನ್ನೋದು ದೀಪ ಉಣ್ಣೋ ಕರೆಂಟಿನ ಲೆಕ್ಕ. ಅದು ಕೊಡೋ ಬೆಳಕಿನ ಅಳತಿ ಲುಮೆನ್. ಉಣ್ಣೋದು ಬ್ಯಾರೆ, ದುಡಿಯೋದು ಬ್ಯಾರೆ. ಈ ಫರಕನ್ನ ದಿನಾ ಲೆಕ್ಕಾ ಹಾಕ್ಕೋತ ಬದುಕಬೇಕಾಗಿದ್ದು ಅಮೆರಿಕಾದಾಗ ಗಾಲಿ ಮ್ಯಾಲೆ ಮನಿ ಇಟಗೊಂಡು ತಿರಗೋ ಮಂದಿ.

ಅಲ್ಲಿ ಅದಕ್ಕ ಆರ್‌ವಿ ಅಂತಾರ. ಒಂದು ಬಸ್ಸಿನಷ್ಟು ಗಾಡ್ಯಾಗ ಒಲಿ, ಹಾಸಗಿ, ನೀರಿನ ಟಾಕಿ, ಬಚ್ಚಲ ಎಲ್ಲಾ ಇರ್ತಾವ. ಮಗಳ ಕಡೆ ಹೋದಾಗ ನಾನೂ ಅಂಥಾ ಗಾಡ್ಯಾಗ ನಾಕು ದಿನ ಯೆಲ್ಲೊಸ್ಟೋನ್ ನೋಡಿ ಬಂದೆ. ಆ ಕಾಡಿನ ಬಿಡಾರದ ಜಾಗಾದಾಗ ಫಿಶಿಂಗ್ ಬ್ರಿಡ್ಜ್ ಅನ್ನೋ ಒಂದ ಕಡೆ ಬಿಟ್ರ ಕರೆಂಟಿನ ಪ್ಲಗ್ ಇಲ್ಲ. ರಾತ್ರಿ ಜನರೇಟರ್ ಹಚ್ಚಾಂಗಿಲ್ಲ. ಗಾಡ್ಯಾಗಿನ ಬ್ಯಾಟರಿ ಮ್ಯಾಲೇ ರಾತ್ರಿ ಕಳೀಬೇಕು. ಹಾಸಗಿ ಇದ್ದಷ್ಟು ಕಾಲು ಚಾಚು ಅನ್ನೋ ಗಾದಿ ಅಲ್ಲಿ ಅಕ್ಷರಶಃ ನಿಜಾ.

ಈ ಗಾಡಿಗಳ ಚರಿತ್ರಿ ನೂರು ವರ್ಷಕ್ಕಿಂತ ಹಳೇದು. 1910ರಾಗ ಪಿಯರ್ಸ್-ಆ್ಯರೋ ಕಂಪನಿ ಮಲಗಲಿಕ್ಕೆ ಅನುಕೂಲ ಇರೋ ಮೋಟಾರ್ ಗಾಡಿ ಮಾಡಿ ನ್ಯೂಯಾರ್ಕಿನ ಪ್ರದರ್ಶನದಾಗ ಇಟ್ಟಿತ್ತು. 1936ರಾಗ ವಾಲಿ ಬೈಯಮ್ ಅನ್ನೋರು ತಂದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಅನ್ನೋ ಎಳಕೊಂಡು ಹೋಗೋ ಮನ್ಯಾಗ ನಾಕು ಮಂದಿ ಮಲಗಬಹುದಿತ್ತು, ಕರೆಂಟಿನ ದೀಪಾನೂ ಇದ್ವು. ಆದ್ರ ಎಷ್ಟೋ ಗಾಡಿಗಳಿಗೆ ಮುಂದೂ ಭಾಳ ದಿನ ಗ್ಯಾಸಿನ ದೀಪಾನ ಗತಿ. ನಮ್ಮ ಮದವಿ ಮೆರವಣಗ್ಯಾಗ ತಲಿ ಮ್ಯಾಲೆ ಹೊತಗೊಂಡು ಬರ್ತಿದ್ದ ಗ್ಯಾಸ್ ಬತ್ತಿ ನೆನಪದ ಅಲ್ಲ? ಅದರಾಗಿನ ಬಿಳೇ ಮ್ಯಾಂಟಲ್ಲೇ ಆ ದೀಪದಾಗೂ ಇರ್ತಿತ್ತು. ಆಸ್ಟ್ರಿಯಾದ ಕಾರ್ಲ್ ಆವರ್ ಅನ್ನೋ ವಿಜ್ಞಾನಿ 1880ರ ದಶಕದಾಗ ಕಂಡುಹಿಡದದ್ದು. ಬೆಳಕೇನೋ ಚಲೋ, ಆದ್ರ ಸಣ್ಣ ಗಾಡಿ ತುಂಬ ಧಗಿ. ಉಸಿರಿನ ಗಾಳಿ ಕೆಡಬಾರದು ಅಂತ ಥಂಡ್ಯಾಗೂ ಕಿಡಕಿ ಒಂದಿಷ್ಟು ತಗದು ಇಡಬೇಕು.

ಆಮ್ಯಾಲೆ 12 ವೋಲ್ಟಿನ ಬಲ್ಬ್ ಗಾಡಿಗಳೊಳಗ ರೂಢಿ ಆದ್ವು. ಕಾರಿನ ದೀಪದಾಗ ಇರೋವಂಥಾ ಗುಂಡನ್ನ ಬಲ್ಬು. ಅದರಾಗ 1141 ಅನ್ನೋ ನಂಬರಿಂದು ಭಾಳ ಬಳಕ್ಯಾಗ ಇತ್ತು. ಅದರ ಊಟ ಸುಮಾರು 18 ವ್ಯಾಟ್, ಕೊಡೋ ಬೆಳಕು ಸುಮಾರು 260 ಲುಮೆನ್. ಅಂದ್ರ ಒಂದು ವ್ಯಾಟಿಗೆ 14 ಲುಮೆನ್ ಅಷ್ಟ. ಉಳದದ್ದೆಲ್ಲಾ ಬಿಸಿಯಾಗಿ ಹೋಗ್ತದ. ಆ ಬಲ್ಬ್ ಮೂಲತಃ ಒಂದು ಸಣ್ಣ ಒಲಿ, ಬೆಳಕು ಅದರ ಜೋಡಿ ಬರೋ ಕೊಸರು.

ಈಗ ಬ್ಯಾಟರಿಯನ್ನ ಜ್ವಾಳದ ಹಗೇವು ಅಂತ ತಿಳೀರಿ. 80 ಆಂಪಿಯರ್-ಅವರ್ ಬ್ಯಾಟರಿ ಅಂದ್ರ 80 ಸೇರು ಜ್ವಾಳ. ಸೀಸದ ಬ್ಯಾಟರಿಯಾಗ ಅರ್ಧಕ್ಕಿಂತ ಕೆಳಗ ಇಳಿಸಿದ್ರ ಅದರ ಆಯುಷ್ಯ ಕಡಿಮಿ ಆಗ್ತದ, ಅದಕ್ಕ ಖರ್ಚಿಗೆ ಸಿಗೋದು 40 ಸೇರು. 1141 ಬಲ್ಬ್ ಒಂದು ತಾಸಿಗೆ ಸುಮಾರು ಒಂದೂವರೆ ಸೇರು ತಿಂತದ. ಆರು ಬಲ್ಬ್ ನಾಕು ತಾಸು ಉರದ್ರ 35 ಸೇರು ಹೋತು. ಉಳದದ್ದು ಐದ ಸೇರು.

ದೀಪ ಆರಿದ್ರ ಏನಾತು, ಮಲಕೋಬೇಕು, ಅಷ್ಟ ಅಲ್ಲ? ಹಂಗಲ್ಲ. ಗಾಡ್ಯಾಗ ಬೆಚ್ಚಗ ಇಡೋ ಹೀಟರ್ ಗ್ಯಾಸ್ ಮ್ಯಾಲೆ ಉರದ್ರೂ, ಆ ಬಿಸಿಗಾಳಿ ಊದೋ ಫ್ಯಾನು ಅದ ಬ್ಯಾಟರಿ ಮ್ಯಾಲೆ ತಿರಗ್ತದ, ಹಳೇ ಬಲ್ಬ್ ನಾಕೈದು ಹಚ್ಚಿದಷ್ಟು ಕರೆಂಟ್ ತಗೋತದ. ನಳಕ್ಕ ನೀರು ಏರಿಸೋ ಪಂಪೂ ಅದರ ಮ್ಯಾಲೇ. ಯೆಲ್ಲೊಸ್ಟೋನಿನ ಆ ಜಾಗಾಗಳು ಹೆಚ್ಚಿನವು 2,000 ಮೀಟರಿಗಿಂತ ಎತ್ತರದಾಗ ಅವ, ಬ್ಯಾಸಗ್ಯಾಗೂ ರಾತ್ರಿ ಹಲ್ಲು ಕಟಕಟ ಅನ್ನೋ ಥಂಡಿ. ಸಂಜಿಕಿ ದೀಪ ಧಾರಾಳ ಹಚ್ಚಿದ್ರ ನಡುರಾತ್ರ್ಯಾಗ ಫ್ಯಾನ್ ನಿಂತು ಸಣ್ಣ ಕೂಸು ನಡಗೋ ಪ್ರಸಂಗ. ಅದಕ್ಕ ಅಡಗಿ ಮಾಡೋಕಿ ಒಂದ ದೀಪದಾಗ, ತನ್ನ ನೆರಳು ತನ್ನ ಕೈ ಮ್ಯಾಲೆ ಬಿದ್ರೂ ಅದರಾಗ ಹೆಚ್ಚಿಕೋಬೇಕು. ಉಳಿತಾಯದ ಭಾರ ಯಾವ ದೇಶದಾಗೂ ಮೊದಲು ಅಡಗಿಮನಿ ಮ್ಯಾಲೇ ಬೀಳ್ತದ ನೋಡ್ರಿ.

ನಡುವ ಸಣ್ಣ ಟ್ಯೂಬ್‌ಲೈಟ್ ಬಂದ್ವು. ಅದ ಬೆಳಕಿಗೆ ಕರೆಂಟ್ ಭಾಳ ಕಡಿಮಿ ತಗೋತಿದ್ವು, ಆದ್ರ ಗುಂಯ್ ಅಂತ ಸದ್ದು, ಥಂಡ್ಯಾಗ ಲಗೂನ ಹತ್ತೋದಿಲ್ಲ. ಹ್ಯಾಲೋಜನ್ ಬಂತು, ಚಂದ ಬೆಳಕು, ಆದ್ರ ಕೈ ಸುಡೋವಷ್ಟು ಬಿಸಿ, ಉಳಿತಾಯ ಅಷ್ಟಕ್ಕಷ್ಟ.

ಕಣ್ಣಿಗೆ ಕಾಣೋ ಬೆಳಕಿನ, ಬಳಕಿಗೆ ಬರೋವಂಥಾ ಎಲ್‌ಇಡಿ ಹುಟ್ಟಿದ್ದು ಕೆಂಪು ಬಣ್ಣದಾಗ, 1962ರಾಗ, ಅಮೆರಿಕಾದ ನಿಕ್ ಹೋಲೋನ್ಯಾಕ್ ಅವರ ಕೈಯಾಗ. ಕೆಂಪು ದೀಪದಾಗ ಅಡಗಿ ಮಾಡ್ಲಿಕ್ಕೆ ಆಗ್ತದೇನು? ಬಿಳೇ ಬೆಳಕಿಗೆ ನೀಲಿ ಬೇಕಿತ್ತು. ಜಪಾನಿನ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರ ದುಡಿಮಿಯಿಂದ 1990ರ ದಶಕದ ಸುರುವಿಗೆ ಝಗ್ಗನೆ ಬೆಳಗೋ ನೀಲಿ ಬಂತು. ನೀಲಿ ಮ್ಯಾಲೆ ಹಳದಿ ಲೇಪ ಕೊಟ್ರು, ಬಿಳೇ ಬೆಳಕಾತು. 2014ರಾಗ ಆ ಮೂವರಿಗೂ ನೊಬೆಲ್ ಕೊಟ್ರು.

ಈಗ ಅದ 1141ರ ಜಾಗಾದಾಗ 2.5 ವ್ಯಾಟಿನ ಎಲ್‌ಇಡಿ ಹಾಕಿದ್ರ ಸುಮಾರು 250 ಲುಮೆನ್ ಬರ್ತದ. ಬೆಳಕು ಹೆಚ್ಚುಕಡಿಮಿ ಅಷ್ಟ, ಊಟ ಏಳನೇ ಒಂದು ಪಾಲು. ಆರು ದೀಪ ನಾಕು ತಾಸಿಗೆ ಐದು ಸೇರೂ ತಿನ್ನಾಂಗಿಲ್ಲ. ಮೊದಲು ಐದು ಉಳೀತಿತ್ತು, ಈಗ ಐದು ಖರ್ಚಾಗಿ 35 ಉಳೀತದ. ಅಷ್ಟೂ ಹೀಟರಿಗೆ, ನೀರಿಗೆ. ನಾನಿದ್ದ ಗಾಡ್ಯಾಗ ಎಲ್ಲಾ ಎಲ್‌ಇಡಿ. ಒಲಿ ಮ್ಯಾಲೊಂದು, ಕಟ್ಟಿ ಮ್ಯಾಲೊಂದು ಹಚಗೊಂಡು ನಿಶ್ಚಿಂತಿಯಿಂದ ಚಪಾತಿ ಲಟ್ಟಿಸಿದೆ, ಮೊಮ್ಮಗಳು ಮೂಲ್ಯಾಗ ಕೂತು ಪುಸ್ತಕ ಓದಿದ್ಲು, ರಾತ್ರಿ ಎಲ್ಲಾರೂ ಬೆಚ್ಚಗ ಮಲಗಿದ್ವಿ.

ಹಂಗಂತ ಎಲ್ಲಾ ಎಲ್‌ಇಡಿ ಒಂದ ಅಲ್ಲ. ಹಳೇ ಬಲ್ಬ್ ಸುತ್ತಲೂ ಬೆಳಕು ಚೆಲ್ತಿತ್ತು, ಎಲ್‌ಇಡಿ ಮಾರಿ ಮಾಡಿದ ಕಡೆ ಅಷ್ಟ ಬೆಳಗ್ತದ. ದೀಪದ ಚಿಪ್ಪಿನೊಳಗ ಅದು ಗ್ವಾಡಿ ಕಡೆ ತಿರಗಿ ಕೂತ್ರ ಲುಮೆನ್ ಎಷ್ಟಿದ್ದೂ ಉಪಯೋಗಿಲ್ಲ. ಬ್ಯಾಟರಿ ಚಾರ್ಜ್ ಆಗೋವಾಗ ವೋಲ್ಟು 14 ದಾಟ್ತದ, ಆ ಏರಿಳಿತ ತಡಕೊಳ್ಳೋ ಸರ್ಕ್ಯೂಟ್ ಇಲ್ಲದ ಸೋವಿ ದೀಪ ಲಗೂನ ಸಾಯ್ತಾವ. ಡಬ್ಬಿ ಮ್ಯಾಲೆ 6,000 ಕೆ ಅಂತಿದ್ರ ಬೆಳಕು ನೀಲಿ ಹೊಡೀತದ, 3,000 ಕೆ ಅಂತಿದ್ರ ಕಂದೀಲಿನ ಹಂಗ ಹಳದಿ, ಕಣ್ಣಿಗೆ ಹಿತಾ.

ಈ ಲೆಕ್ಕ ನಮ್ಮ ಮನಿಗೂ ಬರ್ತದ. ಹಳೇ 60 ವ್ಯಾಟ್ ಬಲ್ಬ್ ಕೊಡ್ತಿದ್ದದ್ದು ಸುಮಾರು 700 ಲುಮೆನ್, ಈಗಿನ 9 ವ್ಯಾಟ್ ಎಲ್‌ಇಡಿ 900ರ ಸುಮಾರು ಕೊಡ್ತದ. ಇನ್ನ ಮ್ಯಾಲೆ ದೀಪ ತರ್ಲಿಕ್ಕೆ ಹೋದ್ರ ಡಬ್ಬಿ ತಿರುವಿ ಲುಮೆನ್ ನೋಡ್ರಿ, ಅದನ್ನ ವ್ಯಾಟಿನಿಂದ ಭಾಗಿಸ್ರಿ. 100ರ ಸುಮಾರು ಬಂದ್ರ ಆ ದೀಪ ಉಂಡ ಅನ್ನಕ್ಕ ನ್ಯಾಯ ಮಾಡ್ತದ. ಇನ್ವರ್ಟರ್ ಇದ್ದವರಂತೂ ಮೊದಲು ನೋಡಬೇಕು. ಕರೆಂಟ್ ಹೋದ ರಾತ್ರಿ ನಮ್ಮ ಮನೀನೂ ಗಾಲಿ ಇಲ್ಲದ ಆರ್‌ವೀನ.